ಬಳ್ಳಾರಿಯಾಗ ಹೀಟರ್ ಯಾರಿಗೆ ಬೇಕು?

ಇಮಾಮಸಾಬನ ಬಗ್ಗೆ ಯಾರನ್ನ ಕೇಳಿದ್ರೂ ಒಳ್ಳೇದ ಹೇಳ್ತಾರ. ಕುರುಗೋಡಿನಾಗ ಕೇಳ್ರಿ, ಅವನ ಹುಟ್ಟೂರು ಸಿರುಗುಪ್ಪದಾಗ ಕೇಳ್ರಿ, "ದೇವರಂಥಾ ಮನಷ್ಯಾರೀ, ಏನ್ ಕೈಗುಣ!" ಅಂತಾರ. ಅವರ ಮಾತು ಬಿಡ್ರಿ, ನನ್ನ ಕೇಳ್ರಿ. ನಾನು ಮರಿಬಸಪ್ಪ. ಅವನ ಜೋಡಿ ಒಂದ ಶೆಡ್ಡಿನಾಗ ಗ್ರೀಸ್ ಮೆತ್ಕೊಂಡು ಕೆಲಸ ಕಲ್ತಾವ. ಬಳ್ಳಾರಿಯಾಗ ಸಿರುಗುಪ್ಪ ರೋಡಿಗೆ ನನ್ನ ಗ್ಯಾರೇಜ್ ಐತಿ, ಮನಿ ಸತ್ಯನಾರಾಯಣಪೇಟೆ. ಇಮಾಮಸಾಬನ್ನ ಕಂಡ್ರ ನನಗ ಹೊಟ್ಟಿಕಿಚ್ಚು. ಇವತ್ತು ನಿನ್ನೆದಲ್ಲ, ಮೂವತ್ತೆಂಟು ವರ್ಷದ್ದು. ಮುಚ್ಚಿಡಾಕ ಏನೈತಿ? ನನ್ನ ಹೆಂಡತಿ ಚನ್ನವೀರಮ್ಮಗ ಗೊತ್ತೈತಿ, ಮಗಳು ಶೀಲಾಗ ಗೊತ್ತೈತಿ, ಎದುರಿನ ಚಾದಂಗಡಿಯವಗೂ ಗೊತ್ತೈತಿ. ಗೊತ್ತಿಲ್ಲದಾವ ಅಂದ್ರ ಇಮಾಮಸಾಬ ಒಬ್ಬನ ಅಂತ ನಾನು ತಿಳ್ಕೊಂಡಿದ್ದೆ.

ನಮ್ಮ ಉಸ್ತಾದ್ ಅಯ್ಯಣ್ಣ ಮೇಸ್ತ್ರಿ. ನಾನು ಶೆಡ್ಡಿಗೆ ಸೇರಿ ಆರು ತಿಂಗಳಾದ ಮ್ಯಾಲ ಇಮಾಮ ಬಂದ, ಸಿರುಗುಪ್ಪದಿಂದ, ಒಂದು ಬುತ್ತಿ ಗಂಟು ಹಿಡಕೊಂಡು. ಆರು ತಿಂಗಳು ಹಿರಿಯಾವ ಅಂತ ಅವತ್ತಿನಿಂದ ನನಗ "ಅಣ್ಣಾ" ಅಂತಾನ. ನಾನು ಅವಗ "ಲೇ ಇಮಾಮ" ಅಂತೀನಿ. ಅವ ಮಾತು ಕಡಿಮಿ. ಗಾಡಿ ಬಂದ್ರ ನಾನು ಪಟ್ಟನ ಬಾನೆಟ್ ಎತ್ತಿ ಸ್ಪ್ಯಾನರ್ ಹಾಕ್ತಿದ್ದೆ. ಅವ ಸುಮ್ಮನ ನಿಂತು ಇಂಜಿನ್ ಸಪ್ಪಳ ಕೇಳ್ತಿದ್ದ. ಪೈಪಿನ ಮ್ಯಾಲ ಮುಂಗೈ ಹಿಂಭಾಗ ಇಟ್ಟು ನೋಡ್ತಿದ್ದ, ಮಕ್ಕಳಿಗೆ ಜ್ವರ ಬಂದೈತೇನು ಅಂತ ತಾಯಿ ನೋಡ್ತಾಳಲ್ಲ, ಹಂಗ. ನಾನು ಮೂರು ಗಾಡಿ ಬಿಡೋದ್ರೊಳಗ ಅವ ಒಂದು ಬಿಡ್ತಿದ್ದ. ನನ್ನ ಮೂರರಾಗ ಒಂದು ತಿರುಗಿ ಬರ್ತಿತ್ತು. ಅವಂದು ಬರ್ತಿರಲಿಲ್ಲ. ಅಲ್ಲಿಂದ ಚಾಲೂ ಆತು ನೋಡ್ರಿ ಈ ಹೊಟ್ಟಿ ಉರಿ.

ಅಯ್ಯಣ್ಣ ಮೇಸ್ತ್ರಿಗೆ ಕಣ್ಣು ಮಂಜಾಗಿ ಶೆಡ್ಡು ಮುಚ್ಚೋ ದಿನ ನಮ್ಮಿಬ್ಬರನ್ನೂ ಕರದ. ನನಗ ಜ್ಯಾಕು, ಸ್ಪ್ಯಾನರ್ ಸೆಟ್ಟು, ಕಬ್ಬಿಣದ ದೊಡ್ಡ ಪೆಟ್ಟಿಗಿ, ಎಲ್ಲಾ ಕೊಟ್ಟ. ಇಮಾಮಗ ಕೊಟ್ಟಿದ್ದು ಒಂದ. ಮರದ ಹಿಡಿಕಿದು ಉದ್ದ ಸ್ಕ್ರೂಡ್ರೈವರ್. ಮೇಸ್ತ್ರಿ ಅದರ ತುದಿ ಇಂಜಿನಿಗೆ ಇಟ್ಟು, ಹಿಡಿಕಿ ಕಿವಿಗೆ ಹಚ್ಚಿ ಒಳಗಿನ ಸಪ್ಪಳ ಕೇಳ್ತಿದ್ದ. ಪೆಟ್ಟಿಗಿ ಹೊತ್ತುಕೊಂಡು ಬರೋಮುಂದ ನನ್ನ ಕಣ್ಣು ಆ ಸ್ಕ್ರೂಡ್ರೈವರಿನ ಮ್ಯಾಲ ಇತ್ತು. ಇವತ್ತಿಗೂ ಐತಿ.

ಆಮ್ಯಾಲ ನಾನು ಬಳ್ಳಾರಿಯಾಗ ಉಳಕೊಂಡೆ, ಅವ ಕುರುಗೋಡಿಗೆ ಹೋದ. ಊರ ಹೊರಗ ಬೇವಿನ ಗಿಡದ ಕೆಳಗ ನಾಲ್ಕು ತಗಡು ಹೊದಿಸಿ ಕುಂತ. ಬೋರ್ಡಿಲ್ಲ, ಪೇಂಟಿಲ್ಲ. ನನಗ ಬೋರ್ಡೈತಿ, ಕಂಪ್ರೆಸರ್ ಐತಿ, ಮ್ಯಾಲ ಒಂದು ಹೆಸರೂ ಐತಿ. ಏನ್ ಹೆಸರು ಅಂತೀರಿ? ಬ್ಯಾಸಿಗಿಯಾಗ ಗಾಡಿ ಹೀಟ್ ಆದ್ರ ಮರಿಬಸಪ್ಪನ ಹತ್ರ ಒಯ್ಯಿ ಅಂತ. ನಮ್ಮ ಬಿಸಿಲು ನಿಮಗ ಗೊತ್ತಲ್ಲ. ಏಪ್ರಿಲ್ ಬಂತಂದ್ರ ಕುಡತಿನಿ ಕರೆಂಟ್ ಪ್ಲಾಂಟಿನಿಂದ ಬೂದಿ ಹೊತ್ತ ಲಾರಿಗಳು, ರೂಪನಗುಡಿ ಕಡೆಯಿಂದ ಮೆಣಸಿನಕಾಯಿ ಹೊತ್ತ ಟೆಂಪೋಗಳು ಬುಸುಬುಸು ಹೊಗಿ ಬಿಟ್ಕೊಂತ ನನ್ನ ಬಾಗಲಿಗೆ ಬಂದು ನಿಲ್ತಾವ. ಅದಕ್ಕ ನನ್ನ ಹತ್ರ ಒಂದು ಕೈಮದ್ದು ಐತಿ. ಇಂಜಿನಿನಿಂದ ರೇಡಿಯೇಟರಿಗೆ ನೀರು ಹೋಗೋ ದಾರಿಯಾಗ ಒಂದು ಸಣ್ಣ ವಾಲ್ವ್ ಇರ್ತೈತಿ. ಇಂಜಿನ್ ತಣ್ಣಗಿದ್ದಾಗ ಅದು ಮುಚ್ಕೊಂಡಿರ್ತೈತಿ, ನೀರು ಚಲೋತ್ನಾಗಿ ಕಾದ ಮ್ಯಾಲ ತಾನ ತೆರಕೊಂತೈತಿ. ನಾನು ಅದನ್ನ ಕಿತ್ತು ಹೊರಗ ಹಾಕ್ತೀನಿ. ನೀರು ತಡೆಯಿಲ್ಲದ ಹರೀತೈತಿ, ಮೀಟರಿನ ಮುಳ್ಳು ಕೆಳಗ ಬೀಳ್ತೈತಿ, ಡ್ರೈವರ್ ಕೈ ಮುಗುದು ಹೋಗ್ತಾನ. ಬಳ್ಳಾರಿಯಾಗ ನಾ ಒಬ್ಬನ ಅಲ್ಲ, ಎಲ್ಲಾರೂ ಹಂಗ ಮಾಡೋದು. ಈ ಬಿಸಿಲಾಗ ಇಂಜಿನ್ ಕಾಯಿಸೋ ವಾಲ್ವ್ ಯಾತಕ್ಕ ಬೇಕು?

ಇಮಾಮಸಾಬ ಮಾತ್ರ ಕೀಳಂಗಿಲ್ಲ. "ಕಂಪನಿಯವ ಸುಮ್ಮನ ಇಟ್ಟಾನೇನು?" ಅಂತಾನ. ರೇಡಿಯೇಟರ್ ಕೆಳಗಿಳಿಸಿ ತೊಳಿತಾನ, ಫ್ಯಾನ್ ಬೆಲ್ಟ್ ನೋಡ್ತಾನ, ಅರ್ಧ ದಿನ ತಗೊಂತಾನ. ಅರ್ಜೆಂಟ್ ಇದ್ದಾವರು ಅವನ್ನ ಬಿಟ್ಟು ನನ್ನ ಹತ್ರ ಓಡಿ ಬರ್ತಾರ. ಕಿತ್ತ ವಾಲ್ವುಗಳನ್ನ ನಾನು ಒಗಿಯಂಗಿಲ್ಲ. ಒಂದು ತಂತಿಗೆ ಪೋಣಿಸಿ ಗೋಡಿಗೆ ತೂಗು ಹಾಕೀನಿ. ಈ ಕತಿ ನಡೆಯೋಮುಂದ ನಲವತ್ತೊಂದು ಇದ್ವು. ಗಿರಾಕಿ ಬಂದ್ರ ಕಣ್ಣಿಗೆ ಬೀಳೋದು ಮೊದಲು ಅದ.

ಆ ಸರದಾಗ ಒಂದು ವಾಲ್ವಿಗೆ ಕುಂಕುಮ ಹಚ್ಚಿತ್ತು. ಅದರ ಕತಿ ಬ್ಯಾರೆ. ಮೂರು ವರ್ಷದ ಹಿಂದ ಮೇ ತಿಂಗಳಾಗ ಒಂದು ಹಳೇ ಪಿಕಪ್ ಮೆಣಸಿನಕಾಯಿ ಚೀಲ ತುಂಬ್ಕೊಂಡು ಬಂದು ನನ್ನ ಗ್ಯಾರೇಜ್ ಮುಂದ ಕುದ್ದು ನಿಂತಿತು. ಓಡಿಸ್ತಿದ್ದ ಹುಡುಗ ಕುರುಗೋಡಿನಾವ, ಹೆಸರು ಶೇಖರ್. ಅರ್ಧ ತಾಸಿನಾಗ ವಾಲ್ವ್ ಕಿತ್ತು ಕಳಿಸಿದೆ. ಮರುದಿನ ತಿರುಗಿ ಬಂದು, "ಮುಳ್ಳು ಅರ್ಧಕ್ಕೂ ಏರಲಿಲ್ಲರೀ" ಅಂತ ಕಾಲಿಗೆ ಬಿದ್ದ. ಚನ್ನವೀರಮ್ಮ ಊಟಕ್ಕ ಕುಂದ್ರಿಸಿದಳು, ಮನಿ ಮಠ ಯಾವುದು ಎತ್ತ ಅಂತ ಕೇಳಿದಳು. ಆರು ತಿಂಗಳಿಗೆ ನಮ್ಮ ಶೀಲಾನ ಕೊಟ್ಟು ಮದಿವಿ ಮಾಡಿದ್ವಿ. ಮಗಳಿಗೆ ಸಂಬಂಧ ತಂದ ಸಾಮಾನು ಅಂತ ಆಯುಧ ಪೂಜಿ ದಿನ ಚನ್ನವೀರಮ್ಮ ಪ್ರತಿ ವರ್ಷ ಆ ವಾಲ್ವಿಗೆ ವಿಭೂತಿ, ಕುಂಕುಮ ಹಚ್ಚಿ ಊದಿನಕಡ್ಡಿ ಬೆಳಗತಿದ್ದಳು.

ಇಷ್ಟೆಲ್ಲಾ ಆದ ಮ್ಯಾಲ ಅಳಿಯ ತನ್ನ ಗಾಡಿ ಎಲ್ಲಿ ತೋರಿಸಬೇಕು? ನೀವ ಹೇಳ್ರಿ. ಮಾವನ ಹತ್ರ ಹೌದಲ್ಲೋ? ಅವ ತೋರಿಸೋದು ಇಮಾಮಸಾಬನ ಹತ್ರ! "ಊರಾಗ ಅದಾರ ಮಾವಾರ, ಹತ್ರ ಆಗ್ತೈತಿ" ಅಂತಾನ. ಇಪ್ಪತ್ತೆಂಟು ಕಿಲೋಮೀಟರ್ ಏನ್ ದೂರಾರೀ? ಬ್ರೇಕ್ ಅವನ ಹತ್ರ, ಕ್ಲಚ್ ಅವನ ಹತ್ರ. ಶೀಲಾ ಫೋನಿನಾಗ "ಇಮಾಮ್ ಕಾಕಾ ಹಂಗಂದ್ರು, ಇಮಾಮ್ ಕಾಕಾ ಹಿಂಗಂದ್ರು" ಅಂದಾಗೆಲ್ಲಾ ನಾನು ಎದ್ದು ಹೊರಗ ಹೋಗ್ತಿದ್ದೆ. ನನ್ನ ಮಗಳು, ನನ್ನ ಅಳಿಯ, ಕಾಕಾ ಅವ!

ಈಗ ಹೀಟರಿನ ಮಾತಿಗೆ ಬರ್ತೀನಿ. ಶೀಲಾ ಹೆರಿಗಿಗೆ ನಮ್ಮ ಮನಿಗೆ ಬಂದಿದ್ದಳು. ಗಂಡು ಕೂಸು. ಐದನೇ ತಿಂಗಳಿಗೆ ಬಾಣಂತಿನ ಕೂಸು ತೊಟ್ಟಿಲ ಸಮೇತ ಗಂಡನ ಮನಿಗೆ ಕಳಸಬೇಕು. ಜನವರಿಯಾಗ ಒಂದು ಸೋಮವಾರ, ಮುಂಜಾನಿ ಏಳರೊಳಗ ಹೊರಡಬೇಕಂತ ಮಠದಾಗ ಕೇಳ್ಕೊಂಡು ಬಂದ್ರು. ಅದು ತಪ್ಪಿದ್ರ ಮುಂದ ಒಂದು ತಿಂಗಳು ದಿನ ಇಲ್ಲ. ಕುರುಗೋಡಿನಾಗ ಬೀಗತಿ ಗುರುಬಸಮ್ಮ ನೂರು ಮಂದಿಗೆ ಊಟಕ್ಕ ಹೇಳಿ ಕುಂತಿದ್ದಳು. ಗುರುವಾರ ಶೇಖರ್ ಪಿಕಪ್ ತಗೊಂಡು ಬಂದ. "ಅತ್ತಿ, ನನ್ನ ಮಗ ನನ್ನ ಗಾಡಿಯಾಗ ಬರ್ಲಿ. ಹಿಂದ ತೊಟ್ಟಿಲ ಇಡೋಣು, ಮುಂದ ಶೀಲಾ ಕೂಸು" ಅಂದ.

ಚನ್ನವೀರಮ್ಮ ಕ್ಯಾಬಿನ್ ಬಾಗಲ ತಗದು ನೋಡಿದಳು. ಹದಿನಾರು ವರ್ಷದ ಗಾಡಿ, ಬಾಗಲಿನ ರಬ್ಬರ್ ಹರದಾವ, ಎಲ್ಲಾ ಕಡೆ ಗಾಳಿ. "ಅಯ್ಯ ಶಿವನ! ಇದರಾಗ ಹಸೀ ಬಾಣಂತಿನ ಕುಂದ್ರಿಸಿ ಥಂಡಿಯಾಗ ಕಳಿಸ್ಲೇನು? ಈಗ ಗಾಳಿ ಬಡದ್ರ ಸಾಯೋತನಕ ಸೊಂಟ ಬಿಡಂಗಿಲ್ಲ. ಕೂಸಿನ ಎದಿ ಕಟ್ಟಿದ್ರ ಯಾರು ಹೊಣಿ? ನಾ ಕಳಸಂಗಿಲ್ಲ" ಅಂದಳು. ಐದು ತಿಂಗಳು ಮಗಳ ಕಿವಿಗೆ ಕಟ್ಟಿದ ಬಟ್ಟಿ ಬಿಚ್ಚಗೊಟ್ಟಿಲ್ಲ ಆಕಿ. ಕೂಸಿನ ಕುಲಾವಿ ಒಗ್ಯಾಕ ಮಾತ್ರ ತಗೀತಿದ್ದಳು.

"ಬಾಡಿಗಿ ಕಾರ್ ಮಾಡೋಣೇನು?" ಅಂತ ಶೀಲಾ ಮೆಲ್ಲಕ ಅಂದಳು.

"ಮರಿಬಸಪ್ಪನ ಮಗಳು ಬಾಡಿಗಿ ಕಾರಿನಾಗ ಹೋಗೋದು?" ಅಂತ ನಾನು ಹಾರಿಬಿದ್ದೆ.

ಶೇಖರ್ ಅಂದ, "ಅತ್ತಿ, ಈ ಗಾಡಿ ನಾ ಊಟಿ ಕಡೆಯವರ ಹತ್ರ ತಗೊಂಡಿದ್ದು. ಇದಕ್ಕ ಹೀಟರ್ ಐತಿ. ಆದ್ರ ಬಿಸಿ ಗಾಳಿ ಸರಿಯಾಗಿ ಬರವಲ್ದು. ಇಮಾಮ್ ಕಾಕಾಗ ತೋರಿಸಿ..."

"ತೋರಿಸೋದು ಬ್ಯಾಡ!" ಅಂದೆ. ಗಂಟಲು ಎಷ್ಟು ಏರಿತ್ತಂದ್ರ ತೊಟ್ಟಿಲಾಗ ಕೂಸು ಬೆಚ್ಚಿತು. "ಶೇಖರಪ್ಪಾರ, ಕೀಲಿ ಇಲ್ಲಿ ಕೊಡ್ರಿ. ಮಾವ ಸತ್ತಿಲ್ಲ ಇನ್ನೂ."

ಖರೇ ಹೇಳ್ತೀನಿ, ಮೂವತ್ತೆಂಟು ವರ್ಷದಾಗ ನಾನು ಹೀಟರ್ ಮುಟ್ಟಿದ್ದಿಲ್ಲ. ಬಳ್ಳಾರಿಯಾಗ ಹೀಟರ್ ಯಾರಿಗೆ ಬೇಕು? ಆದ್ರ ಅದರಾಗ ಏನ್ ಬ್ರಹ್ಮವಿದ್ಯಾ ಐತಿ? ಇಂಜಿನಿನ ಬಿಸಿ ನೀರು ಎರಡು ಪೈಪಿನಾಗ ಡ್ಯಾಶ್‌ಬೋರ್ಡಿನ ಹಿಂದಿನ ಸಣ್ಣ ರೇಡಿಯೇಟರಿಗೆ ಬರ್ತೈತಿ, ಅದಕ್ಕ ಫ್ಯಾನ್ ಗಾಳಿ ಊದ್ತೈತಿ, ಬಿಸಿ ಗಾಳಿ ಒಳಗ ಬರ್ತೈತಿ. ಇಷ್ಟ. ಮೊದಲು ಫ್ಯಾನ್ ನೋಡಿದೆ. ಧೂಳು ಕಟ್ಟಿತ್ತು, ಬಿಚ್ಚಿ ತೊಳದೆ. ನೀರು ಕಡಿಮಿ ಇತ್ತು, ತುಂಬಿದೆ. ಪೈಪಿನಾಗ ಗಾಳಿ ಸಿಕ್ಕಿರಬೇಕಂತ ಕ್ಲಿಪ್ ಸಡಿಲ ಮಾಡಿ ಗಾಳಿ ಬಿಟ್ಟೆ. ಮಧ್ಯಾಹ್ನ ಎರಡು ಗಂಟೆಗೆ ಗಾಡಿ ನಿಂತಲ್ಲೇ ಚಾಲೂ ಮಾಡಿ ಹೀಟರ್ ಹಾಕಿದೆ. ಬೆಚ್ಚಗ ಬಂತು! ಮೈ ಬೆವರಿತು. "ಒಯ್ಯಿರಿ, ನಾಳೆ ಮುಂಜಾನಿ ನನಗ ಫೋನ್ ಮಾಡಿ ಹೇಳ್ರಿ" ಅಂತ ಮೀಸಿ ತಿರುವಿ ಕಳಿಸಿದೆ.

ಶುಕ್ರವಾರ ಮುಂಜಾನಿ ಫೋನ್ ಬಂತು. "ಮಾವಾರ, ಥಂಡಿ ಗಾಳಿನೇ ಬರಾಕತ್ತೈತಿ."

ಬಿಸಿಲಾಗ ನಿಂತ ಗಾಡಿಯಾಗ ಬೆವರು ಬರಾಕ ಹೀಟರ್ ಬೇಕೇನು? ಅಷ್ಟೂ ಹೊಳೀಲಿಲ್ಲ ನೋಡ್ರಿ ನನಗ. ಆದ್ರ ಅಳಿಯನ ಮುಂದ ಒಪ್ಪಿಕೊಳ್ಳೋದು ಹೆಂಗ? "ಹೀಟರಿನ ಒಳಗ ಕಿಲುಬು ತುಂಬೈತಿ, ತರ್ರಿ" ಅಂದೆ. ಶನಿವಾರ ಇಡೀ ದಿನ ಡ್ಯಾಶ್‌ಬೋರ್ಡ್ ಕೆಳಗ ಅಡ್ಡ ಮಲಕೊಂಡು ಆ ಸಣ್ಣ ರೇಡಿಯೇಟರಿಗೆ ನೀರು ಬಿಟ್ಟು ತೊಳದೆ. ಅದಕ್ಕ ನೀರು ಬಿಡೋ ಕಾಕ್ ಬದಲು ಮಾಡಿದೆ. ಅದರ ಕೇಬಲ್ ಎಳದು ಕಟ್ಟಿದೆ. ಕುತ್ತಿಗಿ ಉಳುಕಿತು. ಸಂಜೀಕ ಕೋಟಿ ಕಡೆ ಒಂದು ಸುತ್ತು ಹೊಡಕೊಂಡು ಬಂದ್ರ ಗಾಳಿ ಬರೇ ಉಗುರುಬೆಚ್ಚಗ. ಮೀಟರಿನ ಮುಳ್ಳು ಕೆಳಗ ಮಲಗಿತ್ತು. ಅದನ್ನ ನೋಡಿ ನಾನು ಏನಂದೆ ಗೊತ್ತೇನು? "ನೋಡ್ರಿ ಶೇಖರಪ್ಪಾರ, ಮೂರು ವರ್ಷ ಆದ್ರೂ ಮುಳ್ಳು ಏಳಂಗಿಲ್ಲ. ಅದು ನನ್ನ ಕೆಲಸ" ಅಂದೆ. ನನ್ನ ಬಾಯಿಗೆ ಮಣ್ಣು ಹಾಕ!

ಶೇಖರ್ ಇನ್ನೊಂದು ಸಲ ಗಾಳಿಗೆ ಕೈ ಹಿಡಿದು ನೋಡಿದ. ಕೀಲಿ ತಗೊಂಡು ಹೋದ. ಎಲ್ಲಿಗೆ ಒಯ್ಯಬಹುದಂತ ನನಗ ಸಂಶೇ ಬಂತು.

ಭಾನುವಾರ ಮುಂಜಾನಿ ಶೀಲಾಗ ಕೇಳಿದೆ, "ನಿನ್ನ ಗಂಡ ಎಲ್ಲದಾನವ್ವ?"

ಕೂಸಿಗೆ ಎಣ್ಣಿ ಹಚ್ಚಾಕತ್ತಿದ್ದಳು. ತಲಿ ಎತ್ತಲಿಲ್ಲ. "ಇಮಾಮ್ ಕಾಕಾನ ಹತ್ರ ಹೋಗ್ಯಾರಪ್ಪಾ. ನೀ ಬ್ಯಾಸರ ಮಾಡ್ಕೋಬ್ಯಾಡ. ನಾಳೆ ಹೋಗಬೇಕಲ್ಲ?"

ಬ್ಯಾಸರ? ನನ್ನ ಮೈಗೆ ಬೆಂಕಿ ಬಿತ್ತು. ಚಾ ಅರ್ಧಕ್ಕ ಬಿಟ್ಟು ಸ್ಕೂಟರ್ ತಗದೆ. "ಎಲ್ಲಿಗ್ರಿ? ಜಗಳ ಗಿಗಳ ಮಾಡೀರಿ ಮತ್ತ!" ಅಂತ ಚನ್ನವೀರಮ್ಮ ಬಾಗಲದಾಗ ನಿಂತು ಒದರಿದಳು. ಕುರುಗೋಡಿನತನಕ ಏನೇನು ಅನ್ನಬೇಕಂತ ಬಾಯಿಪಾಠ ಮಾಡ್ಕೊಂಡು ಹೋದೆ. ಹೀಟರ್ ಅವಗೂ ಬರಬಾರದು, ಅವನ ಮುಂದೂ ಥಂಡಿ ಗಾಳಿನೇ ಬರ್ಲಿ ಅಂತ ಕೋಳೂರು ದಾಟೋಮುಂದ ಬಸವಣ್ಣಗ ಬೇಡಿಕೊಂಡೆ. ಮಗಳು ಬಾಡಿಗಿ ಕಾರಿನಾಗ ಹೋದ್ರೂ ಹೋಗ್ಲಿ, ಅವ ಸೋಲಬೇಕು. ಎಂಥಾ ತಂದಿ ನೋಡ್ರಿ ನಾನು.

ಬೇವಿನ ಗಿಡದ ಎದುರಿಗೆ, ರಸ್ತೆಯ ಈಚೆ ಕಡೆ, ಗಾಡಿ ಕೆಟ್ಟಾವರಂಗ ನಿಂತು ಸ್ಕೂಟರಿನ ಪ್ಲಗ್ ಬಿಚ್ಚಿದೆ. ಓರೆಗಣ್ಣಿಲೆ ನೋಡಿದ್ರ ಪಿಕಪ್ಪಿನ ಬಾನೆಟ್ ಎತ್ತೈತಿ, ಇಂಜಿನ್ ಬಂದ್ ಐತಿ. ಶೇಖರ್ ಕಟ್ಟಿಮ್ಯಾಲ ಕುಂತಾನ. ಇಮಾಮಸಾಬ ರೇಡಿಯೇಟರ್ ತೊಳದು ತಿರುಗಿ ಕುಂದ್ರಿಸಾಕತ್ತಾನ. ಗಡ್ಡ ಪೂರಾ ಬೆಳ್ಳಗಾಗೈತಿ. ಬಿಳೀ ಟೊಪಗಿ, ತೋಳು ಮಡಚಿದ ಅಂಗಿ. ಪಕ್ಕದಾಗ ಬಟ್ಟಿ ಮ್ಯಾಲ ಸಾಮಾನು ಸಾಲಾಗಿ ಇಟ್ಟಾನ, ಅದರಾಗ ಆ ಮರದ ಹಿಡಿಕಿ ಸ್ಕ್ರೂಡ್ರೈವರ್. ಹಿಡಿಕಿಗೆ ಎಣ್ಣಿ ಹಚ್ಚಿ ಮಿಂಚಿಸ್ಯಾನ. ನನ್ನ ಹತ್ರ ಇದ್ದಿದ್ರ ಇಷ್ಟೊತ್ತಿಗೆ ಅದರಿಂದ ಡಬ್ಬಿ ಮುಚ್ಚಳ ತಗದು ತುದಿ ಮುರದಿರ್ತಿದ್ದೆ, ಅದೂ ಖರೇನ.

"ಮರಿಬಸಣ್ಣಾ, ಅಲ್ಲ್ಯಾಕ ನಿಂತೀ? ಬಾ, ಚಾ ಬಂದೈತಿ" ಅಂತ ತಲಿ ಎತ್ತದ ಕರದ. ನನ್ನ ಸ್ಕೂಟರ್ ಸಪ್ಪಳ ಅವಗ ಗೊತ್ತಾಗಿತ್ತು ಕಾಣಸ್ತೈತಿ.

ಶೇಖರ್ ಗಾಬರ್‍ಯಾಗಿ ಎದ್ದು ನಿಂತ. "ಮಾವಾರ, ಅದು... ನಾಳೆ ಟೈಮಿಲ್ಲಲ್ಲ, ಅದಕ್ಕ..."

"ಕುಂದ್ರಿ, ಕುಂದ್ರಿ" ಅಂದೆ. ಬಾಯಿಪಾಠ ಮಾಡಿದ್ದೆಲ್ಲಾ ಮರತುಹೋಗಿತ್ತು. ಇಮಾಮಸಾಬನ ಹೆಂಡತಿ ಇಮಾಂಬೀ ಚಾ ತಂದು ಕೊಟ್ಟು, "ಕೂಸು ಹೆಂಗೈತಿ ಅಣ್ಣಾ? ನಿಮ್ಮ ಹಂಗ ಐತಂತಲ್ಲ?" ಅಂದಳು. ಅದಕ್ಕ ಏನಂತ ಸಿಟ್ಟಾಗೋದು?

ರೇಡಿಯೇಟರಿನ ಬೋಲ್ಟ್ ಬಿಗಿ ಮಾಡಿ, ನೀರು ತುಂಬಿ, ಇಮಾಮಸಾಬ ಕೈ ಒರಸ್ಕೊಂಡ. "ಶೇಖರಪ್ಪ, ಈಗ ಚಾಲೂ ಮಾಡ್ರಿ. ಹೀಟರ್ ಹಾಕಬ್ಯಾಡ್ರಿ" ಅಂದ. ಇಂಜಿನ್ ಚಾಲೂ ಆತು. ಬಾನೆಟ್ ಕೆಳಗ ಬಗ್ಗಿ, ಇಂಜಿನಿನಿಂದ ರೇಡಿಯೇಟರಿಗೆ ಹೋಗೋ ಮ್ಯಾಲಿನ ದಪ್ಪ ಪೈಪಿನ ಮ್ಯಾಲ ಮುಂಗೈ ಹಿಂಭಾಗ ಇಟ್ಟ. ಕಣ್ಣು ಮುಚ್ಚಿದ. ಒಂದು ನಿಮಿಷ, ಎರಡು ನಿಮಿಷ. ಆಮ್ಯಾಲ ಕಣ್ಣು ತಗದು ನನ್ನ ನೋಡಿದ.

"ಅಣ್ಣಾ, ನಿನ್ನ ಕೈ ಇಲ್ಲಿ ಇಡು."

"ನಾ ಯಾಕಿಡ್ಲಿ? ನೀ ಇಟ್ಟೀಯಲ್ಲ."

"ಇಡು ಅಣ್ಣಾ" ಅಂತ ನನ್ನ ಮಣಿಕಟ್ಟು ಹಿಡಿದು ಪೈಪಿನ ಮ್ಯಾಲ ಇಟ್ಟ.

ಪೈಪು ಬೆಚ್ಚಗಿತ್ತು. ಎರಡು ನಿಮಿಷಕ್ಕ ಬೆಚ್ಚಗ! ಗಾಡಿ ಇನ್ನೂ ಸರಿಯಾಗಿ ಉಸಿರು ತಗೊಂಡಿಲ್ಲ, ಆಗಲೇ ನೀರು ರೇಡಿಯೇಟರಿಗೆ ಓಡಾಕತ್ತೈತಿ. ವಾಲ್ವ್ ಇದ್ದಿದ್ರ ಆ ಪೈಪು ಈಗ ತಣ್ಣಗಿರಬೇಕಿತ್ತು. ನೀರು ಒಳಗ ನಿಂತು ಕಾಯಬೇಕಿತ್ತು, ಕಾದ ಮ್ಯಾಲ ಹೀಟರಿಗೆ ಬಿಸಿ ಹೋಗಬೇಕಿತ್ತು. ಇಲ್ಲಿ ಕಾಯಾಕ ಬಿಟ್ಟಾವರು ಯಾರು? ತಡಿಯೋ ವಾಲ್ವ್ ನನ್ನ ಗೋಡಿಮ್ಯಾಲ ತೂಗಾಡಾಕತ್ತೈತಿ, ಕುಂಕುಮ ಹಚ್ಕೊಂಡು! ಮೂರು ದಿನ ನಾನು ಹುಡುಕಿದ್ದು ನನ್ನ ಕೈಕೆಲಸಾನ. ಕೈ ಅಲ್ಲೇ ಇಟ್ಕೊಂಡು ನಿಂತೆ, ತೆಗ್ಯಾಕ ಬರಲಿಲ್ಲ. ಇಮಾಮಸಾಬಗ ಗೊತ್ತಾತು, ನನಗ ಗೊತ್ತಾತು, ಅವಗ ಗೊತ್ತಾಗಿದ್ದು ನನಗೂ ಗೊತ್ತಾತು.

"ಏನಾಗೈತಿ ಕಾಕಾ?" ಅಂತ ಶೇಖರ್ ಸೀಟಿನಿಂದ ಕೇಳಿದ.

ಈಗ ಹೇಳ್ತಾನ ಅಂದ್ಕೊಂಡೆ. ಹೇಳ್ಲಿ! ನಿಮ್ಮ ಮಾವ ಗಾಡಿ ಕೆಡಿಸ್ಯಾನ ಅನ್ಲಿ, ಕಾಲರ್ ಹಿಡಿದು ಬೈದು, ಜಗಳಾಡಿ, ಮನಿಗೆ ಹೋಗಿ ನಿದ್ದಿ ಮಾಡ್ತೀನಿ.

ಇಮಾಮಸಾಬ ಬಾನೆಟ್ ಇಳಿಸಿದ. "ರೇಡಿಯೇಟರ್ ಕಟ್ಟಿತ್ತು, ತೊಳದೀನಿ. ಇನ್ನು ಬ್ಯಾಸಿಗಿಯಾಗ ಹೀಟ್ ಆಗೋ ಚಿಂತಿಲ್ಲ. ಹೀಟರಿಗೆ ಒಂದು ಸಾಮಾನು ಕಡಿಮಿ ಐತಿ. ಹಳೇ ಮಾಡೆಲ್, ನನ್ನ ಹತ್ರ ಇಲ್ಲ, ಇವತ್ತು ಭಾನುವಾರ ಅಂಗಡಿಯಾಗೂ ಸಿಗಂಗಿಲ್ಲ. ನಿಮ್ಮ ಮಾವನ ಹತ್ರ ಐತಿ. ಅವನ ಕೈಲೇ ಹಾಕಿಸ್ರಿ. ಅದು ಅವನ ಕೆಲಸ."

ಅಷ್ಟ. ಒಂದು ಮಾತು ಹೆಚ್ಚಿಲ್ಲ. ನನ್ನ ಕಡೆ ನೋಡಿ ನಗಲೂ ಇಲ್ಲ. ಬೈದಿದ್ರ ಅವನ ಕೈ ಕೆಲಸದ ಮ್ಯಾಲ ಒಂದ ಹೊಟ್ಟಿಕಿಚ್ಚು ಇರ್ತಿತ್ತು. ಈಗ ಅವ ಬಾಯಿ ಬಿಗಿ ಹಿಡಿದದ್ದರ ಮ್ಯಾಲೂ ಹೊಟ್ಟಿಕಿಚ್ಚು ಪಡೋಹಂಗ ಮಾಡಿದ. ನಾನಾಗಿದ್ರ ಈ ಸುದ್ದಿ ಸಿರುಗುಪ್ಪದತನಕ ಡಂಗುರ ಹೊಡಿಸ್ತಿದ್ದೆ.

ಸ್ಕೂಟರ್ ಪಿಕಪ್ಪಿನ ಹಿಂದ ಹಾಕ್ಕೊಂಡು ಬಳ್ಳಾರಿಗೆ ಬಂದ್ವಿ. ದಾರಿ ತುಂಬಾ ಶೇಖರ್ ಕೇಳ್ತಿದ್ದ, ಯಾವ ಸಾಮಾನು ಮಾವಾರ, ಎಂಥಾದ್ದು ಮಾವಾರ ಅಂತ. ಕುತ್ತಿಗಿ ನೋವಂತ ಹೇಳಿ ಕಿಟಕಿ ಕಡೆ ಮಾರಿ ಮಾಡಿದೆ. ಅವನ್ನ ಮನಿಯಾಗ ಊಟಕ್ಕ ಬಿಟ್ಟು ಒಬ್ಬನ ಗ್ಯಾರೇಜಿಗೆ ಹೋಗಿ ತಂತಿ ಬಿಚ್ಚಿದೆ. ಕುಂಕುಮದ್ದು ಹದಿನೇಳನೇದು. ಅದನ್ನ ತಗದುಕೊಳ್ಳಾಕ ಹದಿನಾರು ಇಳಿಸಬೇಕಾತು. ಒಂದೊಂದು ಇಳಿಸಿದಾಗ ಒಂದೊಂದು ಗಾಡಿ ನೆನಪಾತು. ಅವಕ್ಕೆಲ್ಲಾ ರೇಡಿಯೇಟರ್ ಕಟ್ಟಿತ್ತೋ ಏನೋ, ನಾನು ನೋಡಿರಲಿಲ್ಲ.

ಮೂರು ವರ್ಷದ ವಾಲ್ವ್, ಕೆಲಸ ಮಾಡ್ತೈತೋ ಇಲ್ಲೋ ಪರೀಕ್ಷಾ ಮಾಡಬೇಕು. ಅದಕ್ಕ ಕುದಿಯೋ ನೀರು ಬೇಕು. ನಮ್ಮ ಮನಿಯಾಗ ಐದು ತಿಂಗಳಿಂದ ಕುದಿಯೋ ನೀರು ಒಂದ ಕಡೆ ಇರ್ತೈತಿ, ಬಾಣಂತಿ ಹಂಡೆದಾಗ. ಹಿತ್ತಲಕ ಹೋಗಿ, ಯಾರೂ ಇಲ್ಲಂತ ನೋಡಿ, ವಾಲ್ವಿಗೆ ದಾರ ಕಟ್ಟಿ ಹಂಡೆಕ್ಕ ಇಳಿಬಿಟ್ಟೆ.

"ಏನ್ರೀ ಅದು!" ಚನ್ನವೀರಮ್ಮ ಹಿಂದ ನಿಂತಿದ್ದಳು. "ಬಾಣಂತಿ ಎರಕೊಳ್ಳೋ ನೀರಿನಾಗ ಗಾಡಿ ಸಾಮಾನು! ನಿಮಗ ಬುದ್ಧಿ ಐತೋ ಇಲ್ಲೋ? ಅಯ್ಯಯ್ಯ, ಅದು ನಾ ಪೂಜಿ ಮಾಡಿದ್ದಲ್ಲೇನ್ರಿ?"

"ಸುಮ್ಮನಿರ, ನೋಡು" ಅಂದೆ. ನೀರಿನ ಮ್ಯಾಲ ಕುಂಕುಮ ತೇಲಾಕತ್ತಿತ್ತು. ಒಂದು ಗಳಿಗಿ ಆದ ಮ್ಯಾಲ ವಾಲ್ವಿನ ನಡುವಿನ ತಟ್ಟಿ ಮೆಲ್ಲಕ ಮ್ಯಾಲೆದ್ದು ತೆರಕೊಂಡಿತು. ಹೊರಗ ತಗದು ಹಿಡದೆ, ತಣ್ಣಗಾಗಿ ತಾನ ಮುಚ್ಕೊಂಡಿತು. ಏನೂ ಆಗಿದ್ದಿಲ್ಲ ಅದಕ್ಕ. ಮೂರು ವರ್ಷದ ಹಿಂದೂ ಏನೂ ಆಗಿದ್ದಿಲ್ಲ. ಚನ್ನವೀರಮ್ಮ ಆ ಹಂಡೆ ನೀರೆಲ್ಲಾ ಚೆಲ್ಲಿ, ಹುಣಸಿಹಣ್ಣು ಹಚ್ಚಿ ತಿಕ್ಕಿ, ಬ್ಯಾರೆ ನೀರು ಕಾಸಿದಳು. ಅಲ್ಲಿತಂಕ ನನಗ ಊಟ ಹಾಕಲಿಲ್ಲ.

ಹೊತ್ತು ಮುಳುಗೋದ್ರೊಳಗ ಹೊಸ ಗ್ಯಾಸ್ಕೆಟ್ ಕತ್ತರಿಸಿ, ವಾಲ್ವ್ ಅದರ ಜಾಗಾದಾಗ ಕುಂದ್ರಿಸಿದೆ. ಅವಸರ ಮಾಡಲಿಲ್ಲ. ಪೈಪಿನ ಮ್ಯಾಲ ಮುಂಗೈ ಹಿಂಭಾಗ ಇಟ್ಟು ನೋಡಿದೆ. ಯಾರೂ ನೋಡಾಕತ್ತಿಲ್ಲಂತ ಖಾತ್ರಿ ಮಾಡ್ಕೊಂಡ ಮ್ಯಾಲ ಕಣ್ಣೂ ಮುಚ್ಚಿದೆ.

ಸೋಮವಾರ ಮುಂಜಾನಿ ಆರೂವರೆ. ಮಬ್ಬು ಇನ್ನೂ ಹರದಿದ್ದಿಲ್ಲ, ಬಾಯಿ ತಗದ್ರ ಉಸಿರು ಹೊಗಿಯಂಗ ಕಾಣ್ತಿತ್ತು, ನಮ್ಮ ಊರಿಗೆ ಅದ ದೊಡ್ಡ ಚಳಿ. ಹಿಂದ ತೊಟ್ಟಿಲ ಕಟ್ಟಿದ್ವಿ. ಶೇಖರ್ ಹತ್ತು ನಿಮಿಷ ಗಾಡಿ ಚಾಲೂ ಇಟ್ಟು, ಪ್ಯಾಟಿ ಒಂದು ಸುತ್ತು ಹೊಡಕೊಂಡು ಬಂದು ನಿಲ್ಲಿಸಿದ. ಚನ್ನವೀರಮ್ಮ ಕ್ಯಾಬಿನ್ನಿನಾಗ ಕೈ ಹಾಕಿದಳು, ತಲಿ ಹಾಕಿದಳು, ಆಮ್ಯಾಲ ಪೂರಾ ಏರಿ ಕುಂತು ನೋಡಿದಳು. "ಆತು. ಒಲಿ ಮುಂದ ಕುಂತಂಗೈತಿ. ಕಳಿಸ್ತೀನಿ" ಅಂದಳು. ಕಣ್ಣಾಗ ನೀರು ಬಂದಿದ್ವು ಆಕಿಗೆ.

ಶೀಲಾ ಕೂಸಿನ ಎದಿಗವುಚಿಕೊಂಡು ಏರಿದಳು. ಶೇಖರ್ ನನ್ನ ಕಾಲು ಮುಟ್ಟಿ, "ಮಾವಾರ, ನಾ ನಿಮ್ಮನ್ನ ಬಿಟ್ಟು ಅಲ್ಲಿಗೆ ಹೋಗಿದ್ದು ತಪ್ಪಾತು. ಕಾಕಾನ ಅಂದ್ರಲ್ಲ, ಇದು ನಿಮ್ಮ ಮಾವನ ಕೆಲಸ, ಅವರ ಕೈಲೇ ಹಾಕಿಸ್ರಿ ಅಂತ. ಇನ್ನ ಮ್ಯಾಲ ಗಾಡಿ ನಿಮ್ಮ ಹತ್ರಾನ ತರ್ತೀನಿ" ಅಂದ.

ನೋಡ್ರಿ, ಮೂರು ವರ್ಷದಿಂದ ನಾನು ಕಾಯ್ತಿದ್ದ ಮಾತು. ಬಾಯಿ ಮುಚ್ಕೊಂಡು "ಹೂಂ" ಅಂದಿದ್ರ ಮುಗೀತಿತ್ತು. ಇಮಾಮಸಾಬ ತಾನ ತಂದು ನನ್ನ ಕೈಯಾಗ ಇಟ್ಟಿದ್ದ. ಅದ ಚುಚ್ಚಿತು ನನಗ. ಅವ ಕೊಟ್ಟಿದ್ದು ನಾನು ಇಸ್ಕೊಳ್ಳೋದೇನು?

"ಶೇಖರಪ್ಪಾರ, ಆ ಸಾಮಾನು ನಿಮ್ಮ ಗಾಡೀದ. ಮೂರು ವರ್ಷದ ಹಿಂದ ಕಿತ್ತಾವ ನಾನ. ರೇಡಿಯೇಟರ್ ನೋಡಬೇಕಿತ್ತು, ನೋಡಲಿಲ್ಲ. ಹೀಟರ್ ಕೆಡಿಸಿದ್ದು ನಾನು, ಅದನ್ನ ಕಂಡುಹಿಡಿದಾವ ಇಮಾಮ. ನನ್ನ ಮರ್ಯಾದಿ ಹೋಗಬಾರದಂತ ಅವ ನಿಮಗ ಹೇಳಲಿಲ್ಲ" ಅಂದೆ. ಎಲ್ಲಾ ಒಂದ ಉಸಿರಿಗೆ ಅಂದೆ, ನಡುವ ನಿಂತಿದ್ರ ಮುಂದ ಬರ್ತಿರಲಿಲ್ಲ.

ಚನ್ನವೀರಮ್ಮ ಬಾಯಿ ಮ್ಯಾಲ ಕೈ ಇಟ್ಕೊಂಡಳು. ಶೇಖರ್ ನೆಲ ನೋಡಿದ. ಆಮ್ಯಾಲ ಕೇಳಿದ, "ಹಂಗಾದ್ರ... ಮುಂದ ಗಾಡಿ ಎಲ್ಲಿ ತೋರಿಸ್ಲಿ ಮಾವಾರ?"

"ಅವನ ಹತ್ರ" ಅಂದೆ. ಅಂದ ಮ್ಯಾಲ ಮನಸ್ಸು ಹಗುರಾತು ಅಂತ ತಿಳ್ಕೋಬ್ಯಾಡ್ರಿ. ಹೊಟ್ಟಿ ಧಗಧಗ ಉರೀತು.

ಪಿಕಪ್ ಹೊರಟಿತು. ಪ್ಯಾಟಿ ತಿರುವಿನತನಕ ನಾವಿಬ್ಬರೂ ನೋಡ್ಕೊಂತ ನಿಂತಿದ್ವಿ. ಅಲ್ಲಿ ಗಾಡಿ ಗಕ್ಕನ ನಿಂತಿತು. ಶೀಲಾನ ಕಡೆ ಗ್ಲಾಸು ಕೆಳಗಿಳೀತು. ಕೈ ಹೊರಗ ಹಾಕಿ ಗಾಳಿ ಹಾಕ್ಕೊಳ್ಳಾಕತ್ತಳು. "ಅಪ್ಪಾ, ಸೆಕಿ ತಡಿಯಾಕಾಗವಲ್ದು!" ಅಂತ ಒದರಿದಳು.

"ಗ್ಲಾಸ್ ಏರಿಸಲೇ! ಕಿವಿಗೆ ಬಟ್ಟಿ ಕಟ್ಕೊಳ್ಳೇ!" ಅಂತ ಚನ್ನವೀರಮ್ಮ ಸೆರಗು ಸಿಗಸ್ಕೊಂಡು ತಿರುವಿನ ಕಡೆ ಓಡಿದಳು. ಐವತ್ತು ದಾಟ್ಯಾಳ, ಓಡಿದ್ದು ನೋಡಬೇಕಿತ್ತು ನೀವು.

ನಾನು ಕಟ್ಟಿಮ್ಯಾಲ ಕುಂತು ಫೋನ್ ತಗದೆ. ಇಮಾಮಸಾಬಗ ನಾನಾಗಿ ಫೋನ್ ಮಾಡಿದ್ದು ಅದ ಮೊದಲು. ಎತ್ತಿದ. ಥ್ಯಾಂಕ್ಸ್ ಅನ್ನಾಕ ನಾಲಿಗಿ ಹೊರಳಲಿಲ್ಲ.

"ಲೇ ಇಮಾಮ, ಹೀಟರ್ ಬಿಸಿ ಭಾಳಾತು. ಹುಡುಗಿ ಸೆಕಿ ಅಂತಾಳ" ಅಂದೆ.

ಅವ ಅಂದ, "ಹೌದೇನು ಅಣ್ಣಾ? ಹಂಗಾದ್ರ ಗಾಡಿ ಇಲ್ಲಿಗೆ ಬಂದ ಮ್ಯಾಲ ವಾಲ್ವ್ ಕಿತ್ತು ಬಿಡ್ಲೇನು?"

ಮೂವತ್ತೆಂಟು ವರ್ಷದಾಗ ಮೊದಲ ಸಲ ಅವ ನನ್ನ ಕಾಡಿಸಿದ್ದು. ಆ ಕಡೆ ಅವ ನಕ್ಕ, ಹಿಂದ ಇಮಾಂಬೀ ನಕ್ಕಿದ್ದೂ ಕೇಳಿಸ್ತು. ನ್ಯಾಯಕ್ಕ ಆ ಮಾತು ನಾನು ಆಡಬೇಕಿತ್ತು, ಮಾತಿನ ಮಲ್ಲ ನಾನು. ಅದೂ ಮೊದಲು ಅವಗ ಹೊಳೀತು, ಹಲ್ಕಟ್ ನನ್ ಮಗಗ.